ವಾರ್ತಾಹರನು ಮಂತ್ರಿಯಾದ ವೃತ್ತಾಂತ

ನಮ್ಮ ಪುರಾಣಕಥೆಗಳಲ್ಲಿ ಬರುವ ಅಶರೀರವಾಣಿಗೆ ಒಂದು ವಿಶೇಷವುಂಟು. ಅದು ಯಾವ ಪಕ್ಷಕ್ಕೂ ಸೇರಿದುದಲ್ಲ. ತನಗಾಗಿ ಏನನ್ನೂ ಬೇಡುವುದಿಲ್ಲ. ಆದುದರಿಂದಲೇ ಕೇಳಿದವರು ಅದನ್ನು ನಂಬುತ್ತಾರೆ. 1935ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತೊಡಗಿಸಿದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದುದು ಎಷ್ಟು ಯುಕ್ತವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ಅಂತಹ ವಾಣಿಯೇ ಒಂದು ದಿನ ಶರೀರವನ್ನು ಧರಿಸಿ, ಮನೆಯ ಬಾಗಿಲಿಗೆ ಬಂದು ಮತವನ್ನು ಯಾಚಿಸಿದರೆ ಅದರ ಮಾತಿಗೆ ಮೊದಲಿನ ಪ್ರಾಮಾಣ್ಯವು ಉಳಿಯುವುದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆನಡಾ ದೇಶದ ರೆನೆ ಲೆವೆಕ್ ಎಂಬಾತನ ಚರಿತ್ರೆಯನ್ನು ಪರಿಶೀಲಿಸೋಣ.

ಈತನು 1922ರಲ್ಲಿ ಜನಿಸಿ, ಕ್ವಿಬೆಕ್ ಪ್ರಾಂತದ ನ್ಯೂ ಕಾರ್ಲೈಲ್ ಎಂಬ ಕಡಲತಡಿಯ ಊರಿನಲ್ಲಿ ಬೆಳೆದನು. ಪ್ರಾಂತದಲ್ಲಿ ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರು. ಆದರೆ ದೊಡ್ಡ ವಾಣಿಜ್ಯೋದ್ಯಮಗಳು ಇಂಗ್ಲಿಷ್ ಭಾಷಿಕರ ಕೈಯಲ್ಲಿದ್ದವು. ನ್ಯಾಯಶಾಸ್ತ್ರದ ವ್ಯಾಸಂಗವನ್ನು ನಡುವೆಯೇ ಬಿಟ್ಟು, ಆತನು 1944ರಲ್ಲಿ ಅಮೆರಿಕದ ಸೇನೆಯೊಡನೆ ಯುದ್ಧವಾರ್ತಾಹರನಾಗಿ ಯೂರೋಪಿಗೆ ತೆರಳಿದನು. 1945ರಲ್ಲಿ ಡಖಾವ್ ಬಂದೀಖಾನೆಯು ವಿಮೋಚನೆ ಹೊಂದಿದಾಗ ಅಲ್ಲಿಗೆ ಮೊದಲು ಹೊಕ್ಕ ವಾರ್ತಾಹರರಲ್ಲಿ ಆತನೂ ಒಬ್ಬನು. 1951ರಲ್ಲಿ ಕೊರಿಯಾ ಯುದ್ಧದಿಂದ ಕಳುಹಿಸಿದ ವಾರ್ತೆಗಳಿಂದ ಆತನ ಹೆಸರು ಮನೆಮಾತಾಯಿತು.

1956ರಿಂದ 1959ರ ವರೆಗೆ ಆತನು ರೇಡಿಯೋ-ಕೆನಡಾ ಸಂಸ್ಥೆಯ ದೂರದರ್ಶನದಲ್ಲಿ ‘ಪ್ವಾಂ ದ ಮೀರ್’ ಎಂಬ ಕಾರ್ಯಕ್ರಮವನ್ನು ನಡೆಯಿಸಿದನು. ಕರಿಹಲಗೆ, ಭೂಪಟ, ಕೈಯಲ್ಲೊಂದು ಕೋಲು—ಇವೇ ಆತನ ಉಪಕರಣಗಳು. ಸೂಯೆಜ್ ಕಾಲುವೆಯ ಕಲಹವನ್ನೂ ಆಲ್ಜೀರಿಯದ ಯುದ್ಧವನ್ನೂ ಉಪಾಧ್ಯಾಯನು ಪಾಠ ಹೇಳುವಂತೆ ಬಿಡಿಸಿ ಹೇಳುತ್ತಿದ್ದನು. ಇದ್ದುದನ್ನು ಇದ್ದಂತೆ ಅರಿತು ಹೇಳುವವನನ್ನು ನಮ್ಮ ತಾರ್ಕಿಕರು ‘ಆಪ್ತ’ನೆನ್ನುತ್ತಾರೆ. ಕ್ವಿಬೆಕ್ಕಿನ ಜನರ ಪಾಲಿಗೆ ಲೆವೆಕ್ಕನು ಅಂತಹ ಆಪ್ತನಾದನು.

1958ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ಲಿನ ದೂರದರ್ಶನ ನಿರ್ಮಾಪಕರು ಮುಷ್ಕರ ಹೂಡಿದರು. ಅದು ಎರಡು ತಿಂಗಳಿಗೂ ಮೀರಿ ನಡೆಯಿತು. ಫ್ರೆಂಚ್ ಪ್ರಸಾರವೇ ಅಸ್ತವ್ಯಸ್ತವಾಗಿದ್ದರೂ ಕೇಂದ್ರ ಸರಕಾರವು ಉದಾಸೀನವಾಗಿದ್ದುದನ್ನು ಕಂಡು, ಮುಷ್ಕರಕ್ಕೆ ಬೆಂಬಲವಾಗಿ ನಿಂತಿದ್ದ ಲೆವೆಕ್ಕನ ಮನಸ್ಸು ಬಹಳವಾಗಿ ನೊಂದಿತು. ಅದುವರೆಗೆ ಸಾಕ್ಷಿಯಾಗಿದ್ದವನು ಅಂದಿನಿಂದ ವಾದಿಯಾದನೆನ್ನಬಹುದು. 1960ರಲ್ಲಿ ಲಿಬರಲ್ ಪಕ್ಷದಿಂದ ಚುನಾಯಿತನಾಗಿ, ಝಾನ್ ಲೆಸಾಜನ ಮಂತ್ರಿಮಂಡಲವನ್ನು ಸೇರಿದನು. ಖಾಸಗಿ ವಿದ್ಯುತ್ ಸಂಸ್ಥೆಗಳನ್ನು ಪ್ರಾಂತದ ಸ್ವತ್ತಾಗಿ ಮಾಡಬೇಕೆಂದು ಹಟ ಹಿಡಿದನು. 1962ರ ಚುನಾವಣೆಯು ಇದೇ ವಿಷಯವಾಗಿ ನಡೆಯಿತು. ಆಗಲೂ ಆತನು ಅಂಕಿಅಂಶಗಳ ಪಟಗಳನ್ನು ತೋರಿಸಿ ಜನರಿಗೆ ಪಾಠ ಹೇಳಿದನು. ಪಕ್ಷವು ಗೆದ್ದಿತು, 1963ರಲ್ಲಿ ಸುಮಾರು 60 ಕೋಟಿ ಡಾಲರುಗಳಿಗೆ ಆ ಸಂಸ್ಥೆಗಳು ಹೈಡ್ರೋ-ಕ್ವಿಬೆಕ್ಕಿನ ವಶವಾದವು.

ಮುಂದಿನ ದಾರಿಯು ಇಷ್ಟು ಸುಗಮವಾಗಿರಲಿಲ್ಲ. ಕ್ವಿಬೆಕ್ ಸ್ವತಂತ್ರವಾಗಬೇಕು, ಆದರೆ ಕೆನಡಾದೊಡನೆ ಆರ್ಥಿಕ ಸಂಬಂಧವನ್ನು ಉಳಿಸಿಕೊಳ್ಳಬೇಕು ಎಂಬ ಆತನ ಮತವು ಸ್ವಪಕ್ಷಕ್ಕೆ ಒಪ್ಪಿಗೆಯಾಗಲಿಲ್ಲ. 1967ರಲ್ಲಿ ಪಕ್ಷವನ್ನು ತ್ಯಜಿಸಿ, ಮರುವರ್ಷ ‘ಪಾರ್ತಿ ಕೆಬೆಕ್ವಾ’ವನ್ನು ಸ್ಥಾಪಿಸಿದನು. 1970ರಲ್ಲಿಯೂ 1973ರಲ್ಲಿಯೂ ತನ್ನ ಕ್ಷೇತ್ರದಲ್ಲಿಯೇ ಸೋತನು. ಆದರೆ 1976ರ ನವೆಂಬರ್ 15ರಂದು ಆತನ ಪಕ್ಷಕ್ಕೆ 110ರಲ್ಲಿ 71 ಸ್ಥಾನಗಳು ದೊರೆತು, ಆತನು ಪ್ರಾಂತದ ಪ್ರಧಾನಿಯಾದನು. ಮರುವರ್ಷ ಎರಡು ಮಹತ್ವದ ಶಾಸನಗಳಾದವು. ಒಂದು, ಆಡಳಿತ, ಶಿಕ್ಷಣ, ಉದ್ಯಮಗಳಲ್ಲಿ ಫ್ರೆಂಚ್ ಭಾಷೆಗೆ ಅಗ್ರಸ್ಥಾನವನ್ನಿತ್ತುದು. ಮತ್ತೊಂದು, ವ್ಯಾಪಾರ ಸಂಸ್ಥೆಗಳೂ ಕಾರ್ಮಿಕ ಸಂಘಗಳೂ ಪಕ್ಷಗಳಿಗೆ ಹಣ ಕೊಡುವುದನ್ನು ನಿಷೇಧಿಸಿ, ಮತದಾರನೊಬ್ಬನ ವಂತಿಗೆಯನ್ನು ವರ್ಷಕ್ಕೆ 3,000 ಡಾಲರುಗಳಿಗೆ ಮಿತಗೊಳಿಸಿದುದು. ಗೆದ್ದ ಪಕ್ಷವು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು ಲೋಕದಲ್ಲಿ ವಿರಳ.

1980ರ ಮೇ 20ರಂದು ಜನಮತಗಣನೆಯಾಯಿತು. ಜಟಿಲವಾದುದನ್ನು ಸರಳಗೊಳಿಸುವುದರಲ್ಲಿಯೇ ಕೀರ್ತಿ ಪಡೆದವನ ಸರಕಾರವು ಅಂದು ಜನರ ಮುಂದಿಟ್ಟ ಪ್ರಶ್ನೆಯು ದೀರ್ಘವೂ ಸುತ್ತುಬಳಸಿನದೂ ಆಗಿದ್ದಿತು. ಅದು ಸ್ವಾತಂತ್ರ್ಯವನ್ನು ನೇರವಾಗಿ ಕೇಳಲಿಲ್ಲ; ಕೆನಡಾದೊಡನೆ ಸಂಧಾನ ನಡೆಸಲು ಅಧಿಕಾರವನ್ನು ಮಾತ್ರ ಕೇಳಿತು. ನೂರಕ್ಕೆ ಸುಮಾರು 60 ಮಂದಿ ಬೇಡವೆಂದರು. ಅಂದು ರಾತ್ರಿಯೇ ಲೆವೆಕ್ಕನು ಕಣ್ಣೀರಿಡುತ್ತಿದ್ದ ತನ್ನವರ ಮುಂದೆ ನಿಂತು, ಸೋಲನ್ನು ಒಪ್ಪಿಕೊಂಡು, ಇನ್ನೊಂದು ಅವಕಾಶಕ್ಕಾಗಿ ಕಾಯಿರೆಂದನು.

ಇನ್ನು ಮೇಲಣ ಪ್ರಶ್ನೆಗೆ ಬರೋಣ. ಆತನ ಮುಖ್ಯಸಿದ್ಧಾಂತವನ್ನು ತಿರಸ್ಕರಿಸಿದ ಅದೇ ಜನರು, ವರ್ಷ ತುಂಬುವ ಮೊದಲೇ, 1981ರ ಏಪ್ರಿಲಿನಲ್ಲಿ, 122ರಲ್ಲಿ 80 ಸ್ಥಾನಗಳನ್ನು ಕೊಟ್ಟು ಆತನಿಗೇ ರಾಜ್ಯಭಾರವನ್ನು ಮತ್ತೆ ಒಪ್ಪಿಸಿದರು. ಇದನ್ನು ಚಂಚಲತೆಯೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ವ್ಯಕ್ತಿಯ ಪ್ರಾಮಾಣಿಕತೆಯು ಬೇರೆ, ಆತನ ನಿರ್ಣಯದ ಯುಕ್ತತೆಯು ಬೇರೆ ಎಂಬ ವಿವೇಕವು ಆ ಮತದಾರರಲ್ಲಿದ್ದಿತು. ವಾದಿಯಾದ ಮೇಲೂ ಆತನ ನಡತೆಯಲ್ಲಿ ಅವರ ನಂಬಿಕೆಯು ಉಳಿಯಿತು. ಆದರೆ ಆ ನಂಬಿಕೆಗೆ ಪ್ರತಿಯಾಗಿ ತಮ್ಮ ವಿಚಾರಶಕ್ತಿಯನ್ನು ಅವರು ಒತ್ತೆಯಿಡಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರವೂ ಉಳಿದ ಒಂಬತ್ತು ಪ್ರಾಂತಗಳೂ ಕ್ವಿಬೆಕ್ಕಿನ ಸಮ್ಮತಿಯಿಲ್ಲದೆಯೇ ರಾಜ್ಯಾಂಗದ ವಿಷಯದಲ್ಲಿ ಒಪ್ಪಂದ ಮಾಡಿಕೊಂಡವು. ಪಕ್ಷದಲ್ಲಿ ಒಡಕು ಹುಟ್ಟಿತು. 1985ರಲ್ಲಿ ಅಧಿಕಾರವನ್ನು ಬಿಟ್ಟು, 1986ರಲ್ಲಿ ಆತ್ಮಚರಿತ್ರೆಯನ್ನು ಪ್ರಕಟಿಸಿ, 1987ರ ನವೆಂಬರ್ 1ರಂದು ಲೆವೆಕ್ಕನು ಕಾಲವಾದನು. ಕರಿಹಲಗೆಯ ಮುಂದೆ ನಿಂತು ಆತನು ಜನರಿಗೆ ಕಲಿಸಿದುದು ತನ್ನ ಮಾತನ್ನು ನಂಬುವುದನ್ನಲ್ಲ, ಸ್ವತಃ ವಿಚಾರ ಮಾಡುವುದನ್ನು. ಶಿಷ್ಯರು ಆ ಪಾಠವನ್ನು ಗುರುವಿನ ಮೇಲೆಯೇ ಪ್ರಯೋಗಿಸಿದರೆಂದರೆ, ಬೋಧನೆಯು ಸಫಲವಾಯಿತೆಂದೇ ಹೇಳಬೇಕು.