ನೀರಗಂಟಿ ಎದ್ದುಹೋದ ಮೇಲೆ

ಶಾಲೆಯ ಮಕ್ಕಳು ಊರ ಕೆರೆಯ ಹೂಳಿನ ಬಗ್ಗೆಯೋ ಹೊಳೆಗೆ ಸೇರುವ ಕೊಳಚೆಯ ಬಗ್ಗೆಯೋ ವರದಿ ಬರೆದರೆ, ನಾವು ಅದನ್ನು ಪರಿಸರ ದಿನದ ಜಾಥಾ, ಗಿಡ ನೆಡುವ ಫೋಟೋಗಳ ಸಾಲಿಗೆ ಸೇರಿಸಿ ಸುಮ್ಮನಾಗುತ್ತೇವೆ. ಹಾಸನ ಸೀಮೆಯ ಮಟ್ಟಿಗೆ ಇದು ತಪ್ಪು ಲೆಕ್ಕ. ಊರಿನ ನೀರು ನೆಲ ಹೇಗಿದೆಯೆಂದು ಕಣ್ಣಿಟ್ಟು ನೋಡಿ ಹೇಳುವುದು ಇಲ್ಲಿ ಬಹುಕಾಲ ಒಬ್ಬರ ಉದ್ಯೋಗವಾಗಿತ್ತು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಅದರಲ್ಲಿ ದೇವಸ್ಥಾನದ ದತ್ತಿಗಳ ನಡುವೆ ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು ಮತ್ತೆ ಮತ್ತೆ ಎದುರಾಗುತ್ತಾರೆ. ಕೆರೆಯ ದುರಸ್ತಿಗೆಂದೇ ಬಿತ್ತುವಟ್ಟವೆಂದು ಭೂಮಿ ಬಿಡುವುದು ಕನ್ನಡ ನಾಡಿನ ಹಳೆಯ ರೂಢಿ. ಕಟ್ಟಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು, ಕಾಯ್ದವನ ಹೆಸರು ಉಳಿಯಲಿಲ್ಲ. ಏರಿ ಎಲ್ಲಿ ಜಿನುಗುತ್ತಿದೆ, ಕೋಡಿ ಯಾವಾಗ ಬೀಳುತ್ತದೆ, ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂಬುದೆಲ್ಲ ತೂಬು ಕಾದು ನೀರು ಬಿಡುವ ನೀರಗಂಟಿಯ ತಲೆಯಲ್ಲಿತ್ತು. ಹೊಳೆನರಸೀಪುರದ ಕಡೆಯ ಹೇಮಾವತಿಯ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಅಡ್ಡಲಾಗಿರುವ ಕೃಷ್ಣರಾಜಕಟ್ಟೆ, ಇವುಗಳ ನಾಲೆಯ ಬಯಲಿನಲ್ಲೂ ಇಂಥ ಕಣ್ಣಿಲ್ಲದೆ ಸರದಿ ನಡೆಯುವಂತಿರಲಿಲ್ಲ. ನೀರಗಂಟಿ ಕಂಡದ್ದು ಬಾಯಿಮಾತಿನಲ್ಲಿ ಇರುತ್ತಿತ್ತು. ಯಾವ ಅಚ್ಚುಕಟ್ಟಿನಲ್ಲಿ ಏನು ಬೆಳೆಯಿತು ಎಂಬುದು ಕಂದಾಯದ ನೆಪದಲ್ಲಿ ಶಾನುಭೋಗರ ಲೆಕ್ಕಕ್ಕೆ ಏರುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ನೀರಗಂಟಿಕೆ ಬಹುಪಾಲು ದಲಿತ ಕುಟುಂಬಗಳ ಮೇಲೆ ಹುಟ್ಟಿನಿಂದಲೇ ಹೊರಿಸಿದ ಚಾಕರಿಯಾಗಿತ್ತು; ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳೇ ಕೂಲಿ. ಕೆರೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ಕೆರೆಯ ವಿಷಯದ ಪಂಚಾಯಿತಿಯಲ್ಲಿ ಮಾತಿರಲಿಲ್ಲ. ಶಾನುಭೋಗಿಕೆಯೂ ವಂಶದ ಸ್ವತ್ತೇ. ಹಾಗಾಗಿ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಹುದ್ದೆಯ ಜೊತೆ ಹುದ್ದೆಯ ಕೆಲಸವೂ ಹೋಯಿತು. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ನೀರಗಂಟಿಯ ಜಾಗಕ್ಕೆ ಹೆಚ್ಚಿನ ಊರುಗಳಲ್ಲಿ ಯಾರೂ ಬರಲಿಲ್ಲ. ಹಳೆಯ ರೂಢಿಯ ಮೇಲೆ ಕೆಲವರು ಇನ್ನಷ್ಟು ಕಾಲ ತೂಬು ಕಾದರು, ಅಷ್ಟೆ. ನೀರಿನ ವಿಷಯ ಊರ ಕೈಯಿಂದ ಇಲಾಖೆಯ ಕೈಗೆ ಹೋಯಿತು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಜಲಾಶಯ ಮುಗಿದಾಗ ಹಳ್ಳಿಗಳು, ಗದ್ದೆಗಳು ಮುಳುಗಿದವು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚು ಪ್ರವಾಸಿಗರ ಕ್ಯಾಮೆರಾಗೆ ಒದಗಿತು. ಅದರ ಸುತ್ತಲಿನ ಕೆರೆ ಕಟ್ಟೆ, ಗೋಮಾಳಗಳ ಚಿತ್ರ ತೆಗೆದವರು ಎಷ್ಟು ಜನ?

ಮಕ್ಕಳ ವರದಿಗಾರಿಕೆಯನ್ನು ನಾನು ಈ ಖಾಲಿ ಜಾಗದಲ್ಲಿಟ್ಟು ನೋಡುತ್ತೇನೆ. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಶುರುವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ರಾಜ್ಯದಲ್ಲಿ ನಡೆಸುವ ಹೊಣೆ ಹೊತ್ತದ್ದು ಈ ಪರಿಷತ್ತೇ. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಂಡ ಕಟ್ಟಿಕೊಂಡು, ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ಜನರನ್ನು ಕೇಳಿ, ತಮ್ಮ ಭಾಷೆಯಲ್ಲಿ ವರದಿ ಒಪ್ಪಿಸುವುದು ಅದರ ಕ್ರಮ. 2006-07ರಲ್ಲಿ ಜೀವವೈವಿಧ್ಯ, 2010-11ರಲ್ಲಿ ಭೂಸಂಪನ್ಮೂಲ ಅದರ ವಿಷಯಗಳಾಗಿದ್ದವು. ಕರಾವಳಿಯಲ್ಲಿ ಇನ್ನೊಂದು ದಾರಿ ತೆರೆಯಿತು. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ಮಕ್ಕಳ ಪಂಚಾಯಿತಿಗಳು ಕಾಲುಸಂಕ, ದಾರಿ, ನೀರಿನ ಸಂಗತಿಗಳನ್ನು ತಾವೇ ಸಮೀಕ್ಷೆ ಮಾಡಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟವು. 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ವಿಜ್ಞಾನ ಸಮಾವೇಶದಲ್ಲಿ ಅಳತೆಯಿತ್ತು, ಉತ್ತರ ಹೇಳಬೇಕಾದವರು ಇರಲಿಲ್ಲ. ಗ್ರಾಮಸಭೆಯಲ್ಲಿ ಉತ್ತರ ಹೇಳಬೇಕಾದವರು ಕೂತಿರುತ್ತಾರೆ, ಆದರೆ ಅಲ್ಲಿ ಎದ್ದು ನಿಂತ ಮಗು ಕೇಳುವುದು ಹೆಚ್ಚಾಗಿ ಶೌಚಾಲಯ ಮತ್ತು ಕಾಂಪೌಂಡನ್ನು. ಅದೂ ನ್ಯಾಯವೇ. ಎರಡೂ ದಾರಿ ಹಾಸನದ ಮಕ್ಕಳಿಗೂ ತೆರೆದಿವೆ. ಅವು ಒಂದಕ್ಕೊಂದು ಕೂಡಿಲ್ಲ.

ಮಕ್ಕಳ ಅಳತೆಯನ್ನು ನಂಬುವುದು ಹೇಗೆ, ಮೇಷ್ಟ್ರೇ ಬರೆದುಕೊಟ್ಟಿರುತ್ತಾರಲ್ಲ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಬಹುಮಾನದ ಆಸೆಯಿರುವ ಕಡೆ ಮೇಷ್ಟ್ರ ಕೈಬರಹ ಕಾಣುವುದುಂಟು. ಆದರೆ ಕೆರೆ ಯಾವ ತಿಂಗಳು ಬತ್ತಿತು, ಕೋಡಿ ಬಿದ್ದಿತೋ ಇಲ್ಲವೋ, ನೀರು ತರುವ ಹಳ್ಳ ಎಲ್ಲಿ ಮುಚ್ಚಿದೆ ಎಂದು ಬರೆಯಲು ಪ್ರಯೋಗಾಲಯ ಬೇಕಿಲ್ಲ. ನನ್ನ ತಕರಾರು ಬೇರೆ. ಸಮಾವೇಶದ ವಿಷಯ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ತಂಡ ಎಸ್ಸೆಸ್ಸೆಲ್ಸಿ ಮುಗಿಸಿ ಚದುರುತ್ತದೆ. ಈ ವರ್ಷದ ಹಾಳೆಯನ್ನು ಹೋದ ವರ್ಷದ ಹಾಳೆಯ ಪಕ್ಕ ಇಡುವವರಿಲ್ಲ. ನೀರಗಂಟಿಯ ಬೆಲೆ ಇದ್ದದ್ದು ಅವನ ಜಾಣತನಕ್ಕಿಂತ ಹೆಚ್ಚಾಗಿ ಅವನು ಅದೇ ಏರಿಯ ಮೇಲೆ ಪ್ರತಿ ವರ್ಷ ನಡೆದಾಡುತ್ತಿದ್ದುದರಲ್ಲಿ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ, ಉಪಗ್ರಹದ ಚಿತ್ರಗಳಿವೆ, ಮಕ್ಕಳೇಕೆ ಎನ್ನುವವರೂ ಇದ್ದಾರೆ. ಚನ್ನರಾಯಪಟ್ಟಣದ ಕಡೆ ಒಂದು ದಿನ ಎಷ್ಟು ಮಳೆ ಬಿತ್ತೆಂದು ಮಾಪಕ ಹೇಳುತ್ತದೆ. ಬಿದ್ದ ಮಳೆ ಕೆರೆಗೆ ಏಕೆ ಬರಲಿಲ್ಲ ಎಂಬುದು ಹಳ್ಳದ ಗುಂಟ ನಡೆದವರಿಗೇ ಗೊತ್ತು.

2002ರ ಜೀವವೈವಿಧ್ಯ ಕಾಯಿದೆ ಈ ನಡಿಗೆಗೆ ಒಂದು ಪುಸ್ತಕವನ್ನೇ ಒದಗಿಸಿತ್ತು. ಪ್ರತಿ ಸ್ಥಳೀಯ ಸಂಸ್ಥೆಯೂ ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಅದರ ಹಿಂದೆ 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳ ಜೊತೆ ಮಾಡಿದ ಪ್ರಯೋಗವಿತ್ತು. ಆದರೆ ದೇಶದ ಹೆಚ್ಚಿನ ಪಂಚಾಯಿತಿಗಳು ಹದಿನೈದು ವರ್ಷ ಕದಲಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದ ಮೇಲೆ ದೇಶದ ತುಂಬ ದಾಖಲೆಗಳು ದಡಬಡನೆ ಸಿದ್ಧವಾದವು. ಹಾಗೆ ತುಂಬಿದ ಪುಸ್ತಕ ಒಮ್ಮೆ ಮುಗಿಯಿತೆಂದರೆ ಮುಗಿಯಿತು. ಶಾಲೆಯೊಂದು ಅದನ್ನು ವರ್ಷಕ್ಕೊಮ್ಮೆ ತೆರೆದು ತಿದ್ದಿದರೆ ಮಾತ್ರ ಅದಕ್ಕೆ ಜೀವ.

ಕೊನೆಯ ಆಕ್ಷೇಪವೇ ನನಗೆ ಗಟ್ಟಿಯಾಗಿ ಕಾಣುವುದು: ಒತ್ತುವರಿ, ಮರಳು ಎಂದರೆ ಊರಿನ ಬಲವಂತರ ವಿಷಯ, ಅಲ್ಲಿಗೆ ಮಕ್ಕಳನ್ನು ತಳ್ಳಬಹುದೇ? ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರಿನ ಭೂ ಒತ್ತುವರಿಯ ವರದಿ ಕೊಟ್ಟು ವರ್ಷಗಳೇ ಉರುಳಿವೆ. ಶಾಸನಸಭೆಯ ಅಧಿಕಾರವಿದ್ದ ವರದಿಯ ಮೇಲೆ ಕ್ರಮಕ್ಕೇ ಅಷ್ಟು ಹೆಣಗಬೇಕಾದರೆ ಒಂಬತ್ತನೇ ತರಗತಿಯ ಹುಡುಗಿಯ ಪಾಡೇನು? ಆದ್ದರಿಂದ ಆಕೆಯ ಪುಸ್ತಕದಲ್ಲಿ ಯಾರ ಹೆಸರೂ ಬೇಡ. ಹಳ್ಳದ ಅಗಲ, ಕೋಡಿಯ ಎತ್ತರ, ತಾರೀಖು ಸಾಕು. ಆ ಅಂಕಿಗಳನ್ನು ಹಿಡಿದು ಯಾರು ಎಂದು ಕೇಳುವ ಕೆಲಸ, ಮಕ್ಕಳ ಗ್ರಾಮಸಭೆಯ ನಡವಳಿಗೆ ಸಹಿ ಹಾಕುವ ಪಂಚಾಯಿತಿ ಅಧಿಕಾರಿಯದು, ಸದಸ್ಯರದು.