ಗಡಿಕಲ್ಲಿನ ಒಳಗೆ ಉಳಿದವರು

ಮುಂದೆ ನಿಂತು ಆಜ್ಞೆ ಮಾಡುವವನು ನಾಯಕನೋ, ಹೇಳಿದ್ದನ್ನು ಮೊದಲು ತಾನೇ ಮಾಡಿ ತೋರಿಸುವವನು ನಾಯಕನೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಇಂಗ್ಲೆಂಡಿನ ಈಮ್ ಎಂಬ ಪುಟ್ಟ ಹಳ್ಳಿಯ ಇತಿಹಾಸವನ್ನು ನೀವು ತಿಳಿಯಬೇಕು.

1665ರಲ್ಲಿ ಲಂಡನ್ ನಗರವನ್ನು ಪ್ಲೇಗ್ ಆವರಿಸಿತ್ತು. ದೂರದ ಡರ್ಬಿಷೈರ್ ಪ್ರಾಂತದಲ್ಲಿದ್ದ ಈಮ್‌ಗೆ ರೋಗ ಬಂದದ್ದು ದರ್ಜಿಯೊಬ್ಬನ ಮನೆಗೆ ಲಂಡನ್ನಿನಿಂದ ತರಿಸಿದ ಬಟ್ಟೆಯ ಗಂಟಿನ ಮೂಲಕ ಎಂಬುದು ಪ್ರತೀತಿ. ಗಂಟು ಬಿಚ್ಚಿದ ಜಾರ್ಜ್ ವಿಕಾರ್ಸ್ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅನಂತರ ಸಾವು ಮನೆಯಿಂದ ಮನೆಗೆ ನಡೆಯಿತು.

ಆಗ ರೋಗಾಣುವಿನ ಕಲ್ಪನೆಯೇ ಇರಲಿಲ್ಲ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಎಂದು ಸಿಮಂಡ್ ತೋರಿಸಿದ್ದು 1898ರಲ್ಲಿ. ಈಮ್‌ನವರಿಗೆ ತಿಳಿದಿದ್ದುದು ಒಂದೇ: ರೋಗ ಜನರೊಡನೆ ಊರಿಂದೂರಿಗೆ ಹೋಗುತ್ತದೆ.

1666ರ ಬೇಸಿಗೆಯಲ್ಲಿ ಸಾವು ಹೆಚ್ಚಿತು. ಹಲವರು ಊರು ಬಿಡಲು ಸಿದ್ಧರಾದರು. ಆಗ ತರುಣ ಸಭಾಪಾಲಕ ವಿಲಿಯಂ ಮೊಂಪೆಸ್ಸನ್ ಒಂದು ಕಠಿಣ ಮಾತು ಹೇಳಬೇಕಾಯಿತು: ಯಾರೂ ಊರು ಬಿಡುವುದು ಬೇಡ, ರೋಗ ನಮ್ಮಲ್ಲೇ ಮುಗಿಯಲಿ. ಆದರೆ ಅವನು ಊರಿಗೆ ಹೊಸಬ. ಜನರ ಪ್ರೀತಿಯೆಲ್ಲ ಹಿಂದಿನ ಪಾಲಕ ಥಾಮಸ್ ಸ್ಟ್ಯಾನ್ಲಿಯ ಮೇಲಿತ್ತು. ರಾಜನ ಹೊಸ ಧಾರ್ಮಿಕ ಕಾನೂನಿಗೆ ಒಪ್ಪದೆ ಸ್ಟ್ಯಾನ್ಲಿ ಸ್ಥಾನ ಕಳೆದುಕೊಂಡಿದ್ದ. ಮತಭೇದವನ್ನು ಬದಿಗಿಟ್ಟು ಇಬ್ಬರೂ ಒಟ್ಟಿಗೆ ಜನರ ಮುಂದೆ ನಿಂತರು. ತಾನೂ ಕೊನೆಯವರೆಗೆ ಇಲ್ಲೇ ಇರುತ್ತೇನೆ ಎಂದು ಮೊಂಪೆಸ್ಸನ್ ಮಾತು ಕೊಟ್ಟ. ಜನ ಒಪ್ಪಿದರು.

ಚರ್ಚಿನ ಬಾಗಿಲು ಮುಚ್ಚಿ, ಬಯಲಿನಲ್ಲಿ ದೂರ ದೂರ ನಿಂತು ಪ್ರಾರ್ಥನೆ ನಡೆಯಿತು. ಸತ್ತವರನ್ನು ಮನೆಯವರೇ ಹಿತ್ತಲಿನಲ್ಲಿ ಹೂಳಿದರು. ಹೊರಗಿನವರು ಆಹಾರವನ್ನು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಇಡಲಾಗುತ್ತಿತ್ತು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು.

ಮೊಂಪೆಸ್ಸನ್ ಮೊದಲೇ ತನ್ನ ಮಕ್ಕಳನ್ನು ಹೊರಗೆ ಕಳುಹಿಸಿದ್ದ ಎಂಬುದನ್ನೂ ಮರೆಯಬಾರದು. ಅವನೂ ನಮ್ಮಂತೆ ಮನುಷ್ಯನೇ. ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲು ಒಪ್ಪದೆ ಅವನೊಡನೆ ರೋಗಿಗಳ ಮನೆಗಳಿಗೆ ನಡೆದಳು. ಆಗಸ್ಟಿನಲ್ಲಿ ಅವಳೂ ಪ್ಲೇಗಿಗೆ ಬಲಿಯಾದಳು. ಅವನು ಕೊಟ್ಟ ಮಾತು ಮುರಿಯಲಿಲ್ಲ.

ನವೆಂಬರಿನಲ್ಲಿ ರೋಗ ನಿಂತಿತು. ಸುಮಾರು 260 ಜನ ಸತ್ತಿದ್ದರು. ಸುತ್ತಲಿನ ಊರುಗಳು ಉಳಿದವು. ಒಳಗೇ ಉಳಿದುದರಿಂದ ಈಮ್‌ನಲ್ಲಿ ಸಾವು ಹೆಚ್ಚಿತೇ ಎಂಬ ಚರ್ಚೆ ಇಂದಿಗೂ ಇದೆ. ಹಾಗಿದ್ದರೆ ಅವರು ತೆತ್ತ ಬೆಲೆ ಇನ್ನೂ ದೊಡ್ಡದು.

ತೋಳ ಬಂದಾಗ ಕೂಲಿಯಾಳು ಓಡುತ್ತಾನೆ, ಒಳ್ಳೆಯ ಕುರುಬ ಕುರಿಗಳ ಜೊತೆ ನಿಲ್ಲುತ್ತಾನೆ ಎಂಬುದು ಯೇಸು ಕೊಟ್ಟ ಹೋಲಿಕೆ. ಆ ಜನ ಅದನ್ನು ಬೋಧನೆಯಲ್ಲಿ ಎಷ್ಟೋ ಸಲ ಕೇಳಿದ್ದರು. ಆ ವರ್ಷ ಕಣ್ಣಾರೆ ಕಂಡರು.

2020ರಲ್ಲಿ ಮನೆಯಲ್ಲೇ ಇರಿ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಅಂಥ ಮಾತು ಹೇಳುವುದು ಸುಲಭ. ಹೇಳಿದವನೂ ಗಡಿಕಲ್ಲಿನ ಒಳಗೇ ನಿಂತಿದ್ದರೆ, ಕೇಳುವವರು ಒಪ್ಪುವುದೂ ಸಾಧ್ಯವಾಗುತ್ತದೆ. ನಾಳೆ ನಿಮ್ಮ ತರಗತಿಯಲ್ಲೋ ಊರಿನಲ್ಲೋ ಇತರರಿಂದ ಏನನ್ನಾದರೂ ಕೇಳುವ ಮೊದಲು, ನೀವು ಕಲ್ಲಿನ ಯಾವ ಬದಿಗಿದ್ದೀರಿ ಎಂದು ನೋಡಿಕೊಳ್ಳಿ.