ದನದ ಡಾಕ್ಟರರ ಓದು

ನಮ್ಮ ಕಡೆ ಪಶುವೈದ್ಯರೆಂದರೆ ಇವತ್ತಿಗೂ ದನದ ಡಾಕ್ಟರರೇ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಈ ಮೂರರಲ್ಲಿ ಯಾವ ಊರಿನ ರಿಕ್ಷಾದವನಿಗಾದರೂ ‘ಪಶು ಚಿಕಿತ್ಸಾಲಯ’ ಎಂದು ಹೇಳಿ ನೋಡಿ, ಒಂದು ಗಳಿಗೆ ಯೋಚಿಸುತ್ತಾನೆ. ‘ದನದ ದವಾಖಾನಿ’ ಎಂದರೆ ನೇರ ಒಯ್ದು ಇಳಿಸುತ್ತಾನೆ. ಇದರಲ್ಲಿ ಆಶ್ಚರ್ಯವಿಲ್ಲ. ಎತ್ತಿನ ಮೇಲೆ ಬೇಸಾಯ, ಎಮ್ಮೆಯ ಮೇಲೆ ಹೆಂಗಸರ ಕೈಖರ್ಚು ನಡೆದು ಬಂದ ನಾಡಿದು. ದೀಪಾವಳಿ ಬಂತೆಂದರೆ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಗಳ ಹೆಸರು ನಮ್ಮ ಹುಡುಗರ ಬಾಯಲ್ಲಿ ಸಿನಿಮಾ ನಟರ ಹೆಸರಿನಂತೆ ಆಡುತ್ತಿರುತ್ತದೆ. ಅಂಥಲ್ಲಿ ನಾಯಿ ಬೆಕ್ಕಿಗೂ ಡಾಕ್ಟರೇ ಎಂದು ಹಿರಿಯರು ನಕ್ಕರೆ ಅವರನ್ನು ಆಕ್ಷೇಪಿಸಲಾಗದು.

ಆದರೆ ದನದ ಸಲುವಾಗಿ ಓದಿದ ಈ ಡಾಕ್ಟರರು ನಾಯಿ ಬೆಕ್ಕುಗಳ ವೈದ್ಯವನ್ನು ಯಾವಾಗ, ಎಲ್ಲಿ ಕಲಿತರು? ಶಾಲೆಯಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಇತಿಹಾಸ ಹೇಳಿಕೊಟ್ಟ ನನಗೆ ಈ ಪ್ರಶ್ನೆ ಬಹಳ ದಿನದಿಂದ ಇತ್ತು. ಹುಡುಕುತ್ತ ಹೋದಂತೆ ತಿಳಿದದ್ದು ಇಷ್ಟು: ಪದವಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಬಹುದು, ವಿದ್ಯೆಗೆ ಕಟ್ಟು ಹಾಕಿಸಲು ಬರುವುದಿಲ್ಲ.

1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಸರಕಾರದ ಕೆಳಗಿತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು ತೀರ ಈಚೆಗೆ, 1997ರಲ್ಲಿ. ಹೀಗಾಗಿ ನಮ್ಮ ಪ್ರಾಂತದ ಪಶುವೈದ್ಯ ವಿದ್ಯೆಯ ತವರು ಮುಂಬಯಿಯ ಪರೇಲ್. ದಿನಶಾ ಪೇಟಿಟ್ ಎಂಬ ಪಾರಸಿ ಗಿರಣಿ ಮಾಲೀಕರು ತಮ್ಮ ಪತ್ನಿ ಸಕರಬಾಯಿಯವರ ಹೆಸರಿನಲ್ಲಿ ಅಲ್ಲಿ ಪ್ರಾಣಿಗಳ ದವಾಖಾನೆ ಮಾಡಿಸಿದ್ದರು. ಅದರ ಆಸರೆಯಲ್ಲಿ 1886ರಲ್ಲಿ ಮುಂಬಯಿ ಪಶುವೈದ್ಯ ಕಾಲೇಜು ಆರಂಭವಾಯಿತು. ಏಕೀಕರಣದ ನಂತರ, 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ಬಂತು. ನಮ್ಮ ಹುಡುಗರ ರೈಲು ಆಗ ದಿಕ್ಕು ಬದಲಿಸಿತು.

ಪರೇಲಿರಲಿ, ಹೆಬ್ಬಾಳವಿರಲಿ, ಓದಿನ ತಿರುಳು ದನವೇ. ಅದಕ್ಕೆ ಕಾರಣವೂ ಇತ್ತು. ದೊಡ್ಡರೋಗ ಊರಿಗೆ ಕಾಲಿಟ್ಟರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿದ್ದ ಕಾಲವದು. ಅದಕ್ಕೆ ಮದ್ದು ಹುಡುಕಲೆಂದೇ 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ತೆರೆದು, 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ಹಳ್ಳಿ ತಿರುಗಿದ ದನದ ಡಾಕ್ಟರರ ಶ್ರಮಕ್ಕೆ ಕೊನೆಗೂ ಫಲ ಬಂತು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಿಹೋದ ಎರಡನೆಯ ರೋಗವಿದು. ದನದ ಓದು ಸಣ್ಣ ಓದಾಗಿರಲಿಲ್ಲ.

ಅಷ್ಟರೊಳಗೆ ನಮ್ಮ ಓಣಿಗಳು ಬದಲಾಗಿದ್ದವು. ಹಿತ್ತಲ ಕೊಟ್ಟಿಗೆ ಹೋಗಿ ಅಲ್ಲಿ ಬಾಡಿಗೆ ಮನೆ ಎದ್ದಿತು. ವರ್ಗವಾಗಿ ಬಂದ ಬ್ಯಾಂಕಿನವರ ಹಿಂದೆ ಬಿಳಿ ಪಾಮೇರಿಯನ್ ನಾಯಿಗಳೂ ಬಂದವು. 1980ರ ದಶಕದಲ್ಲಿ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿಯೇ ಮೂರು ಮನೆಯ ಮರಿಗಳು ಒಂದೇ ವಾರದಲ್ಲಿ ವಾಂತಿ, ರಕ್ತಭೇದಿಯಾಗಿ ಸತ್ತವು. ಯಾರೋ ವಿಷ ಹಾಕಿದರೆಂದು ಒಂದು ಮನೆಯವರು ಇನ್ನೊಂದು ಮನೆಯವರೊಡನೆ ಮಾತು ಬಿಟ್ಟರು. ಪಕ್ಕದ ಓಣಿಯಲ್ಲಿದ್ದ ಹಿರಿಯ ಪಶುವೈದ್ಯರೊಬ್ಬರನ್ನು ನಾನು ಕೇಳಿದೆ.

“ಅಕ್ಕೋರ, ಇದು ವಿಷ ಅಲ್ರಿ, ಪಾರ್ವೋ ಅನ್ನೋ ಬ್ಯಾನಿ. ನಾವು ಓದೋ ಕಾಲಕ್ಕ ಇದು ಹುಟ್ಟೇ ಇರಲಿಲ್ಲ. ಹುಟ್ಟದ ಬ್ಯಾನಿ ಪುಸ್ತಕದಾಗ ಎಲ್ಲಿಂದ ಬರಬೇಕು?” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ನಾಯಿಗಳ ಪಾರ್ವೋ ರೋಗ ಜಗತ್ತಿಗೆ ಗೊತ್ತಾದದ್ದೇ 1978ರ ಸುಮಾರಿಗೆ. ಒಂದೆರಡು ವರ್ಷದಲ್ಲಿ ಅದು ಎಲ್ಲ ಖಂಡಗಳಿಗೂ ಹಬ್ಬಿತು. ಅದಕ್ಕೆ ಮೊದಲು ಕಾಲೇಜು ಬಿಟ್ಟ ಯಾವ ಡಾಕ್ಟರರಿಗೂ ಯಾವ ಗುರುವೂ ಇದನ್ನು ಹೇಳಿಕೊಟ್ಟಿರಲಿಲ್ಲ. ಹಾಗಾದರೆ ಇವರಿಗೆ ಹೇಗೆ ತಿಳಿಯಿತು? ಅಂಚೆಯಲ್ಲಿ. 1924ರಲ್ಲಿ ಮದ್ರಾಸಿನಿಂದ ಹೊರಡತೊಡಗಿದ ‘ಇಂಡಿಯನ್ ವೆಟರಿನರಿ ಜರ್ನಲ್’ ಎಂಬ ಮಾಸಪತ್ರಿಕೆಯನ್ನು ಅವರು ತರಿಸುತ್ತಿದ್ದರು. ರಾತ್ರಿ ಊಟವಾದ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದರು. ವರ್ಷಕ್ಕೊಮ್ಮೆ ರಜೆ ಸಿಕ್ಕರೆ ರಾತ್ರಿ ರೈಲು ಹತ್ತಿ ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎರಡು ದಿನದ ಉಪನ್ಯಾಸ ಕೇಳಿ ಬರುತ್ತಿದ್ದರು. ಕಾಲುಬಾಯಿ ಬೇನೆಯ ಸುದ್ದಿ ಬಂದರೆ ಆ ರಜೆಯೂ ಇಲ್ಲ. ಆಗಿನ ಮುಂದುವರಿದ ಶಿಕ್ಷಣವೆಂದರೆ ಇಷ್ಟೇ, ಅದೂ ಮನಸ್ಸಿದ್ದವರಿಗೆ.

ಇತ್ತ ಹೀಗಿರುವಾಗ ದೂರದ ಅಮೆರಿಕದಲ್ಲಿ ಇನ್ನೊಂದು ಕಥೆ ನಡೆದಿತ್ತು. ಬೆಕ್ಕುಗಳ ಹೃದಯ ಬಲೂನಿನಂತೆ ಹಿಗ್ಗಿ, ಬಡಿಯುವ ಶಕ್ತಿ ಕಳೆದುಕೊಂಡು ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಪಾಲ್ ಪಯನ್ ಎಂಬ ಪಶುವೈದ್ಯರು ಮತ್ತು ಅವರ ಸಂಗಡಿಗರು 1987ರಲ್ಲಿ ಕಾರಣ ಹಿಡಿದರು. ಡಬ್ಬಿಯ ಆಹಾರದಲ್ಲಿ ಟಾರಿನ್ ಎಂಬ ಅಂಶ ಸಾಲದಾಗಿತ್ತು. ಅದನ್ನು ಕೊಟ್ಟರೆ ಸಾಯುವ ಬೆಕ್ಕು ಚೇತರಿಸಿಕೊಳ್ಳುತ್ತಿತ್ತು. ಮಾಂಸ, ಮೀನುಗಳಲ್ಲಿ ಇರುವ ಈ ಅಂಶ ಅನ್ನದಲ್ಲಿ ಇಲ್ಲ. ಹಾಲನ್ನ ಉಂಡೇ ಬೆಳೆಯಿತೆಂದು ನಾವು ತಿಳಿದ ನಮ್ಮ ಮನೆಯ ಬೆಕ್ಕುಗಳು ಬದುಕಿದ್ದು ಅಟ್ಟದ ಮೇಲಿನ ಇಲಿಗಳ ಪುಣ್ಯದಿಂದ! ಇಂಥ ಸಂಗತಿ ಗೊತ್ತಾದ ಮರುದಿನವೇ ಎಲ್ಲ ವೈದ್ಯರಿಗೂ ತಲುಪಬೇಡವೇ? 1991ರಲ್ಲಿ ಇದೇ ಪಯನ್ ಅವರು ಜೊತೆಗಾರರೊಬ್ಬರೊಡನೆ ಕಂಪ್ಯೂಟರ್ ಮತ್ತು ಟೆಲಿಫೋನ್ ತಂತಿಯ ಮೂಲಕ ಪಶುವೈದ್ಯರನ್ನು ಒಂದುಗೂಡಿಸುವ ಜಾಲ ಕಟ್ಟಿದರು. ದೂರದ ಹಳ್ಳಿಯ ವೈದ್ಯ ತನ್ನ ಕುರ್ಚಿ ಬಿಡದೆ ದೊಡ್ಡ ಊರಿನ ಪರಿಣತನಿಂದ ಕಲಿಯುವ ದಾರಿ ಹಾಗೆ ತೆರೆಯಿತು.

ಆ ದಾರಿ ನಮ್ಮ ಊರಿಗೆ ಬರಲು ಹತ್ತಿರ ಹತ್ತಿರ ಮೂವತ್ತು ವರ್ಷ ಬೇಕಾಯಿತು. ಈ ನಡುವೆ 2004ರ ಕಾಯ್ದೆಯಿಂದ ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಾಯಿತು, ನೆರೆಯ ಶಿವಮೊಗ್ಗ, ಗದಗಗಳಿಗೂ ಕಾಲೇಜು ಬಂದವು. ಐದೂವರೆ ವರ್ಷದ ಆ ಓದು ಮುಗಿಸಿದ ನನ್ನ ತಂಗಿಯ ಮಗಳು ರಾಣೆಬೆನ್ನೂರಿನಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟಿದ್ದಾಳೆ. 2020ರ ಲಾಕ್‌ಡೌನಿನಲ್ಲಿ ಸಭೆ ಸಮ್ಮೇಳನಗಳೆಲ್ಲ ನಿಂತಾಗ ಉಪನ್ಯಾಸಗಳು ಮೊಬೈಲಿಗೆ ಬರತೊಡಗಿದವು. ಅಂದಿನಿಂದ ರಾತ್ರಿ ಒಂಬತ್ತಾಯಿತೆಂದರೆ ಅವಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಾಠಕ್ಕೆ ಕುಳಿತುಬಿಡುತ್ತಾಳೆ. ಚೆನ್ನೈಯವರೊಬ್ಬರು ಚರ್ಮರೋಗ ಹೇಳುತ್ತಾರೆ, ಇಂಗ್ಲೆಂಡಿನವರೊಬ್ಬರು ಬೆಕ್ಕಿನ ಮೂತ್ರಪಿಂಡ ಹೇಳುತ್ತಾರೆ. “ದೊಡ್ಡವ್ವ, ಕಾಲೇಜಿನ್ಯಾಗ ಕಲ್ತದ್ದು ಬರೇ ಅಡಿಪಾಯ. ಅದರ ಮ್ಯಾಲ ದಿನಾ ಒಂದೊಂದು ಇಟ್ಟಂಗಿ ಇಡಬೇಕ” ಎನ್ನುತ್ತಾಳೆ.

ಅವಳನ್ನು ನೋಡುವಾಗ ನನಗೆ ಐರ್ಲೆಂಡಿನ ಏಲೀನ್ ಕಸ್ಟ್ ನೆನಪಾಗುತ್ತಾರೆ. 1900ರಲ್ಲಿಯೇ ಪಶುವೈದ್ಯದ ಓದು ಮುಗಿಸಿದ ಆ ಹೆಣ್ಣುಮಗಳಿಗೆ ಹೆಣ್ಣೆಂಬ ಕಾರಣಕ್ಕೇ ಮಾನ್ಯತೆ ಸಿಗಲಿಲ್ಲ. ಬ್ರಿಟನ್ನಿನ ಮೊದಲ ಮಹಿಳಾ ಪಶುವೈದ್ಯೆ ಎಂದು ಅವರ ಹೆಸರು ದಾಖಲಾದದ್ದು 1922ರಲ್ಲಿ. ನಮ್ಮ ಹುಡುಗಿಯರಿಗೆ ಕಾಲೇಜಿನ ಬಾಗಿಲು ತೆರೆದೇ ಇದೆ. ಆದರೆ ಮದುವೆ, ಬಾಣಂತನ, ಅತ್ತೆಯ ಔಷಧಿಯ ಹೊತ್ತು, ಇವುಗಳ ನಡುವೆ ಬೆಂಗಳೂರಿಗೆ ಎರಡು ದಿನ ಹೋಗಿಬರುವುದು ಎಷ್ಟು ಜನಕ್ಕೆ ಸಾಧ್ಯ? ಮನೆಗೇ ಬರುವ ಪಾಠದ ಬೆಲೆ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಗೊತ್ತು.

ಇಟ್ಟಂಗಿಗಳೆಂದಳಲ್ಲ, ಎರಡು ಉದಾಹರಣೆ ಹೇಳುತ್ತೇನೆ. ಹಿಂದೆ ಮರಿಗೆ ಹನ್ನೆರಡು ವಾರವಾಗುವ ಹೊತ್ತಿಗೆ ಪಾರ್ವೋ ಲಸಿಕೆ ಮುಗಿಸಿಬಿಡುವ ರೂಢಿಯಿತ್ತು. ಆದರೂ ಕೆಲವು ಮರಿ ಸಾಯುತ್ತಿದ್ದವು. ಹುಟ್ಟಿದ ಕೂಡಲೇ ಕುಡಿದ ಗಿಣ್ಣದ ಹಾಲಿನಿಂದ ತಾಯಿಯ ರಕ್ಷಣೆ ಮರಿಯ ಮೈಯಲ್ಲಿ ಉಳಿದಿರುತ್ತದೆ. ಅದು ಲಸಿಕೆಯನ್ನೂ ಶತ್ರುವೆಂದೇ ತಿಳಿದು ಕೊಂದುಬಿಡುತ್ತದೆ. ಕೆಲವು ಮರಿಗಳಲ್ಲಿ ಈ ರಕ್ಷಣೆ ಹನ್ನೆರಡು ವಾರ ದಾಟಿಯೂ ಇರುವುದರಿಂದ, ಕೊನೆಯ ಲಸಿಕೆ ಹದಿನಾರು ವಾರ ತುಂಬಿದ ಮೇಲೆಯೇ ಬೀಳಬೇಕೆಂದು ಸಣ್ಣ ಪ್ರಾಣಿಗಳ ವೈದ್ಯರ ಜಾಗತಿಕ ಸಂಘ ಹೇಳುತ್ತದೆ. ಒಂದು ತಿಂಗಳ ವ್ಯತ್ಯಾಸ, ಒಂದು ಜೀವ. ಇನ್ನೊಂದು ನಮ್ಮ ಅಡಿಗೆಮನೆಯದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡಬಹುದೆಂದು ವೈದ್ಯರು ಎಚ್ಚರಿಸತೊಡಗಿದ್ದು 2001ರ ಸುಮಾರಿಗೆ. ಅದರೊಳಗಿನ ಹುಳಿಯ ಅಂಶವೇ ಕಾರಣವಿರಬಹುದೆಂಬ ಸುಳಿವು ಸಿಕ್ಕಿದ್ದು 2021ರಲ್ಲಿ. ಅದಕ್ಕೂ ಮೊದಲಿನ ಪುಸ್ತಕವನ್ನಷ್ಟೇ ನಂಬಿದ ಡಾಕ್ಟರು, ಪಾಯಸ ನೆಕ್ಕಿದ ನಾಯಿಯ ಮುಂದೆ ಏನು ಮಾಡಬೇಕು?

ಮೊಬೈಲ್ ಪಾಠ ಎಲ್ಲವನ್ನೂ ಕಲಿಸುತ್ತದೆಂದಲ್ಲ. ಹೊಟ್ಟೆ ಮುಟ್ಟಿ ಗಂಟು ತಿಳಿಯುವುದು, ಹೊಲಿಗೆ ಹಾಕುವುದು ಕೈ ಹಿಡಿದು ಕಲಿಸುವ ಗುರುವಿನಿಂದಲೇ ಬರಬೇಕು. ಪಾಠದಲ್ಲಿ ಹೇಳುವ ಯಂತ್ರ ನಮ್ಮ ಊರಲ್ಲಿ ಇರುವುದಿಲ್ಲ, ಹೇಳಿದ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಡಾಕ್ಟರಿಗೆ ತಲುಪಿದ ಅರಿವು ನಾಯಿಗೆ ಅನ್ನ ಹಾಕುವ ಕೈಗೆ ತಲುಪದಿದ್ದರೆ ಅರ್ಧ ದಾರಿಯಲ್ಲೇ ನಿಂತಂತೆ. ಆ ಕೈ ಸಾಮಾನ್ಯವಾಗಿ ನಮ್ಮದೇ.

ಇದು ನನಗೆ ಮನದಟ್ಟಾದದ್ದು ಬ್ಯಾಡಗಿಯಲ್ಲಿ. ಅಲ್ಲಿ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ದಿನ ನಾನೂ ತಂಗಿಯ ಮಗಳ ಜೊತೆ ಹೋಗಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ತಾಯಿಯೊಬ್ಬಳು ಏಳೆಂಟು ವರ್ಷದ ಮಗನನ್ನು ಎಳೆದುಕೊಂಡು ಬಂದಳು. ಹಿಂದಿನ ತಾಸಿನಲ್ಲಿ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಗಾಯದ ತುಂಬ ಕೆಂಪಗೆ ಕಾರಪುಡಿ. “ಖಾರಾ ಹಚ್ಚಿದರ ನಂಜು ಇಳೀತೈತಿ ಅಂತ ನಮ್ಮತ್ತಿ ಹೇಳಿದ್ಳರಿ” ಎಂದಳು. ಹುಡುಗ ಉರಿಯಿಂದ ಚೀರುತ್ತಿದ್ದ.

ನನ್ನ ಹುಡುಗಿ ಮಾತಾಡುತ್ತ ನಿಲ್ಲಲಿಲ್ಲ. ನಳದ ಕೆಳಗೆ ಅವನ ಕಾಲಿಟ್ಟು, ಬಟ್ಟೆ ಸೋಪಿನಿಂದ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದಳು. ಆಮೇಲೆ, “ಯವ್ವಾ, ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಬಣ್ಣಾ ಕೊಡತೈತಿ, ಗಾಯಕ್ಕ ಏನೂ ಕೊಡೂದಿಲ್ಲ. ಈಗಿಂದೀಗ ಸರಕಾರಿ ದವಾಖಾನಿಗೆ ನಡಿ” ಎಂದು ಚೀಟಿ ಬರೆದು ಕಳಿಸಿದಳು. ಆ ವೈರಾಣುವಿನ ಮೈಮೇಲೆ ಕೊಬ್ಬಿನ ಹೊದಿಕೆಯಿದೆ, ಅದು ಸೋಪಿಗೆ ಕರಗುತ್ತದೆ, ಕಾರಕ್ಕಲ್ಲ ಎಂದು ನನಗೆ ವಿವರಿಸಿದಳು. ಕಚ್ಚಿದವರಿಗೆ ಏನು ಹೇಳಬೇಕೆಂಬುದನ್ನೂ ಅವಳು ರೇಬೀಸ್ ತಡೆಯುವ ಒಂದು ಜಾಗತಿಕ ಸಂಸ್ಥೆಯ ಉಚಿತ ಪಾಠದಲ್ಲಿ, ಮೊಬೈಲಿನಲ್ಲೇ, ಕಲಿತಿದ್ದಳು.

ತಾಯಿಗೆ ದವಾಖಾನೆಯ ಹೆದರಿಕೆಯೂ ಇತ್ತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಮಾತು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಕಸೌಲಿಯಲ್ಲಿ 1911ರಲ್ಲಿ ಸೆಂಪಲ್ ಎಂಬ ಅಧಿಕಾರಿ ಸಿದ್ಧಪಡಿಸಿದ, ಕುರಿಯ ಮಿದುಳಿನಿಂದ ಮಾಡುವ ಲಸಿಕೆ ಅದು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೇ ನಿಂತಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ, ಹೀಗೆ ನಾಲ್ಕು ಸಲ ಹೋದರಾಯಿತು. ಗಾಯ ಆಳವಾಗಿದ್ದರೆ ಅದರ ಸುತ್ತ ಬೇರೆ ಔಷಧಿಯೂ ಬೇಕಾಗುತ್ತದೆ. ರೋಗದ ಲಕ್ಷಣ ಒಮ್ಮೆ ಕಂಡಿತೆಂದರೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಮನುಷ್ಯರಿಗೆ ಬರುವ ಈ ರೋಗ ನೂರಕ್ಕೆ 99ರಷ್ಟು ನಾಯಿಯಿಂದಲೇ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಅದರ ಸರಪಳಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬೀಸಿನಿಂದ ಯಾರೂ ಸಾಯಬಾರದೆಂದು ಭಾರತ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ದೊಡ್ಡರೋಗವನ್ನು ಅಳಿಸಿದ ದನದ ಡಾಕ್ಟರರ ಮುಂದೆ ಈಗ ನಾಯಿಯ ಕೆಲಸ ಬಂದು ನಿಂತಿದೆ.

ಆ ಹುಡುಗ ನಾಲ್ಕೂ ಸಲ ಹೋಗಿ ಸೂಜಿ ಹಾಕಿಸಿಕೊಂಡ. ಕೊನೆಯ ಸೂಜಿಯ ನಂತರ ಅವನ ತಾಯಿ ರಾಣೆಬೆನ್ನೂರಿನ ಕ್ಲಿನಿಕ್ಕಿಗೆ ಬಂದು, ಬ್ಯಾಡಗಿಯ ತನ್ನ ಜೊತೆಯ ಹೆಂಗಸರಿಗೆ ಹೇಳಲು ಅದನ್ನೆಲ್ಲ ಇನ್ನೊಮ್ಮೆ ಹೇಳಿಸಿಕೊಂಡು ಹೋದಳಂತೆ. ಓದು ಬಾರದ ಆಕೆ ಎಷ್ಟು ನಿಮಿಷ, ಯಾವ ಯಾವ ದಿನ ಎಂದು ಬೆರಳು ಮಡಚಿ ಎಣಿಸಿ ಬಾಯಿಪಾಠ ಮಾಡಿಕೊಂಡಳಂತೆ.